ತಿರುವಿನಾಚೆಯ ಕೆರೆ

ಗುಡ್ಡದ ದಾರಿಯಲ್ಲಿ ಹತ್ತೊಂಬತ್ತು ವರ್ಷ ಬಸ್ಸು ಓಡಿಸಿದ್ದ ಡ್ರೈವರಿಗೆ ಅಲ್ಲಿಯ ಕೆರೆಯ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಅದು ಕಾಣಿಸಿತೆಂದರೆ ಎರಡನೇ ಗೇರಿಗೆ ಇಳಿಸಬೇಕು, ಹಾರ್ನ್ ಹೊಡೆಯಬೇಕು. ಜನ ಬುತ್ತಿ ಹಿಡಿದು ಅಲ್ಲಿ ಇಳಿಯುತ್ತಿದ್ದರು. ಸಂಜೆ ಒದ್ದೆ ಚಪ್ಪಲಿಯಲ್ಲಿ ನಗುತ್ತಾ ಹತ್ತುತ್ತಿದ್ದರು.

ಟೈಲರ್ ಕೆಲಸದ ಅವನ ಹೆಂಡತಿ ಗಿರಾಕಿಗಳ ಬಾಯಲ್ಲಿ ಅದರ ವರ್ಣನೆ ಕೇಳಿ ಕೇಳಿ ಒಂದು ದಿನ ಹೊಲಿಗೆ ಮಿಷನ್ ನಿಲ್ಲಿಸಿದಳು.

"ರೀ, ಆ ಕೆರೆ ಹೇಗಿದೆ?"

"ತುಂಬಾ ಡೇಂಜರ್. ಎಡಕ್ಕೆ ಕಡಿದಾದ ತಿರುವು."

"ನಾನು ಕೇಳಿದ್ದು ಕೆರೇನ!"

ಅವನು ಗಾಳಿಯಲ್ಲೇ ಸ್ಟೇರಿಂಗ್ ತಿರುಗಿಸಿ ಮತ್ತೆ ಆ ತಿರುವನ್ನೇ ತೋರಿಸಿದ.

ಮುಂದಿನ ರಜೆಯ ದಿನ ಇಬ್ಬರೂ ಟಿಕೆಟ್ ತೆಗೆದುಕೊಂಡು ಹೊರಟರು. ಬೇರೆಯವನು ಓಡಿಸುವ ಬಸ್ಸಿನಲ್ಲಿ ಇವನಿಗೆ ಜೀವ ಕೈಯಲ್ಲಿತ್ತು. ಪ್ರತಿ ತಿರುವಿನಲ್ಲೂ ಬಲಗಾಲು ನೆಲವನ್ನು ಒತ್ತುತ್ತಿತ್ತು.

"ಅಲ್ಲಿ ಬ್ರೇಕಿಲ್ಲ ರೀ," ಎಂದು ಅವಳು ಅವನ ಮಂಡಿಯ ಮೇಲೆ ಕೈಯಿಟ್ಟಳು. ಇಳಿಯುವವರೆಗೂ ತೆಗೆಯಲಿಲ್ಲ.

ದಂಡೆ ತಲುಪಿದ್ದೇ ಅವಳು ಮಂಡಿಯುದ್ದ ನೀರಿಗಿಳಿದಳು. ಅವನು ಐದು ನಿಮಿಷ ನಿಂತು, "ನೋಡಿದ್ದಾಯ್ತಲ್ಲ, ಹೊರಡೋಣ್ವಾ?" ಎಂದ.

"ಯಾವ ಕಂಡಕ್ಟರ್ ನಿಮಗೆ ಸೀಟಿ ಊದಿದ್ದು? ಬನ್ನಿ ಸುಮ್ನೆ." ಅವನನ್ನು ಎಳೆದುಕೊಂಡು ಹೋಗಿ ಪೆಡಲ್ ದೋಣಿಯಲ್ಲಿ ಕೂರಿಸಿದಳು.

ಅವನು ಅಷ್ಟಗಲದ ನೀರಿನಲ್ಲೂ ಎಡಗಡೆ ಹಿಡಿದೇ ದೋಣಿ ನಡೆಸಿದ. ಎದುರು ಬಂದ ಬಾತುಕೋಳಿಗೆ ನಿಂತು ದಾರಿ ಬಿಟ್ಟ. ಅವಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

"ಸ್ಟೇರಿಂಗಿಂದ ಕೈ ತೆಗೀರಿ. ಕಾಲೂ ತೆಗೀರಿ."

"ತೆಗೆದ್ರೆ ಎಲ್ಲಿಗೆ ಹೋಗುತ್ತೆ ಇದು?"

"ಎಲ್ಲಿಗಾದ್ರೂ ಹೋಗ್ಲಿ."

ಅವನು ಅಳುಕುತ್ತಲೇ ಕೈಕಾಲು ತೆಗೆದ. ದೋಣಿ ತನ್ನಷ್ಟಕ್ಕೆ ತಿರುಗಿತು. ಜೊಂಡು ಕಂಡಿತು, ಬಂಡೆಗಳು ಕಂಡವು; ಮೇಲೆ, ಗುಡ್ಡದ ಸೊಂಟಕ್ಕೆ ನೂಲು ಕಟ್ಟಿದಂತೆ ರಸ್ತೆ ಕಂಡಿತು. ಅದರ ಮೇಲೆ ಬೆಂಕಿಪೊಟ್ಟಣದಷ್ಟು ಚಿಕ್ಕ ಬಸ್ಸೊಂದು ತೆವಳುತ್ತಿತ್ತು.

ಅವಳ ನಗು ನಿಂತಿತು. "ಅಷ್ಟು ಮೇಲಾ? ದಿನಾ ಅಲ್ಲಿ ಓಡಿಸ್ತೀರಾ?"

"ಹೂಂ," ಎಂದ. ಅವನೂ ಮೊದಲ ಸಲ ನೋಡುತ್ತಿದ್ದ. "ಇಲ್ಲಿಂದ ನೋಡಿದ್ರೆ ನನಗೇ ಭಯ ಆಗುತ್ತೆ ಕಣೇ."

ಅವಳು ಅವನಿಗೆ ಒತ್ತಿಕೊಂಡು ಕುಳಿತಳು. ಸ್ವಲ್ಪ ಹೊತ್ತಿಗೆ ಅವನ ತಲೆ ಅವಳ ಹೆಗಲಿಗೆ ವಾಲಿತು. ಹಗಲು ಹೊತ್ತಿನಲ್ಲಿ ಅವನು ನಿದ್ದೆ ಮಾಡಿದ್ದನ್ನು ಅವಳು ಕಂಡೇ ಇರಲಿಲ್ಲ. ದೋಣಿಯವನು ದಂಡೆಯಿಂದ ಟೈಮ್ ಆಯಿತೆಂದು ಕೂಗಲು ಹೊರಟಾಗ, ತುಟಿಯ ಮೇಲೆ ಬೆರಳಿಟ್ಟು ಇನ್ನೊಂದು ಗಂಟೆ ಎಂದು ಸನ್ನೆ ಮಾಡಿದಳು.

ಮೇಲೆಲ್ಲೋ ಹಾರ್ನ್ ಕೇಳಿಸಿತು.

"ನಮ್ಮ ಬಸ್ಸು ಹೋಯ್ತಾ?" ಅವನು ಕಣ್ಣು ಬಿಡದೆ ಕೇಳಿದ.

"ಹೋಯ್ತು."

"ಹೋಗ್ಲಿ ಬಿಡು," ಎಂದವನೇ ಮತ್ತೆ ನಿದ್ದೆಹೋದ.