ಸುಣ್ಣದ ಡಬ್ಬಿಯಲ್ಲಿ ಹಲ್ಲು

ಟಣ್ — ಒಳಗೆ ಪಿಂಗಾಣಿ ಬೋಗುಣಿಗೆ ಏನೋ ಬಿತ್ತು, ಹಲ್ಲೇ ಇರಬೇಕು, ಇನ್ಯಾರದೋ ಹಲ್ಲು, ಬೆಟ್ಟಮ್ಮನ ಸರದಿ ಇನ್ನೂ ಬಂದಿಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ ಕೂತವಳ ನಾಲಗೆ ಮಾತ್ರ ಸುಮ್ಮನಿರದೆ ಎಡಗೆನ್ನೆಯ ಒಳಗಿನ ಗಟ್ಟಿ ಹುಣ್ಣನ್ನು ಮುಟ್ಟಿ ಹಿಂದಕ್ಕೆ ಬರುತ್ತದೆ, ಮತ್ತೆ ಹೋಗುತ್ತದೆ, ಮುಟ್ಟಬೇಡ ಅಂದರೂ ಕೇಳುವುದಿಲ್ಲ — ಸ್ಪಿರಿಟ್ಟಿನ ವಾಸನೆ, ಗೋಡೆಗೆ ಹೊಸದಾಗಿ ಬಳಿದ ಸುಣ್ಣದ ವಾಸನೆ, ಸುಣ್ಣ ಎಂದೊಡನೆ ಸಿಟ್ಟು ನೆತ್ತಿಗೇರುತ್ತದೆ, ಆರು ತಿಂಗಳು ಆ ಸುಣ್ಣದ ಮೇಲೇ ತಪ್ಪು ಹೊರಿಸಿಕೊಂಡು ಕೂತಿದ್ದಳಲ್ಲ, ಎಲೆಗೆ ಸುಣ್ಣ ಜಾಸ್ತಿ ಬಿದ್ದು ಬಾಯಿ ಬೆಂದಿದೆ ಅಂತ ತುಪ್ಪ ಸವರಿದ್ದೇ ಸವರಿದ್ದು, ಎಳನೀರು ಕುಡಿದದ್ದೇ ಕುಡಿದದ್ದು, ಮಂಡಿ ಮೊಹಲ್ಲಾದಲ್ಲಿ ಮೂವತ್ತು ವರ್ಷ ವೀಳ್ಯದೆಲೆ ಮಾರಿದವಳಿಗೆ ಬಾಯಿ ಬೇಯುವುದೇನು ಹೊಸದೇ, ದವಡೆಗೆ ಒತ್ತರಿಸಿಕೊಳ್ಳುವ ಹೊಗೆಸೊಪ್ಪಿನ ಮೇಲೆ ಒಂದು ದಿನವೂ ಅನುಮಾನ ಬರಲಿಲ್ಲ, ಅದು ಬೆಳಗಾಗೆದ್ದರೆ ಜೊತೆಗಿರುವ ಸ್ನೇಹಿತ, ಸ್ನೇಹಿತ ಹೀಗೆ ಮಾಡುತ್ತಾನೆಯೇ — ಕೊನೆಗೆ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿ, ಇದು ಕ್ಯಾನ್ಸರ್ ಅಮ್ಮ ಅಂದರು, ಬೆಂಗಳೂರಿಗೆ ಹೋಗಿ ಹುಣ್ಣಿಗೆ ರೇಡಿಯಂ ಕಿರಣ ಹಿಡಿಸಬೇಕು, ಅದಕ್ಕೂ ಮುಂಚೆ ಹಲ್ಲೆಲ್ಲ ಕೀಳಿಸಬೇಕು, ಆಮೇಲೆ ಕಿತ್ತರೆ ದವಡೆಯ ಮೂಳೆ ಮಾಯುವುದಿಲ್ಲ. ಎಲ್ಲಾನೂವಾ? ಎಲ್ಲಾನೂ ಕಣಮ್ಮ, ಅರ್ಧ ನಾಡಿದ್ದು, ಅರ್ಧ ಶುಕ್ರವಾರ.

ಕೀಳಲಿ, ಅದಕ್ಕೇನಂತೆ, ಎನ್ನುತ್ತದೆ ಒಂದು ಮನಸ್ಸು, ಇನ್ನೊಂದು ಮನಸ್ಸು ಹಲ್ಲುಗಳ ಹಿಂದೆ ಓಡುತ್ತದೆ, ಎಲೆ ಕಟ್ಟು ಕಟ್ಟಿ ಬಾಳೆನಾರನ್ನು ಕಚ್ಚಿ ಹರಿಯುತ್ತಿದ್ದ ಹಲ್ಲು, ಕತ್ತರಿಯನ್ನು ಅವಳು ಯಾವತ್ತಾದರೂ ಮುಟ್ಟಿದ್ದಳೇ, ಸಂತೆಯಲ್ಲಿ ಬುಟ್ಟಿ ಎಳೆಯಲು ಬಂದ ಸುಂಕದವನ ಮುಂಗೈಯಲ್ಲಿ ನಾಲ್ಕು ಗುರುತು ಬಿಡಿಸಿದ ಹಲ್ಲು, ಮುಂದಿನ ವಾರ ಅವನೇ ಬಂದು ನಮಸ್ಕಾರ ಬೆಟ್ಟಮ್ಮ ಅಂದಿದ್ದ, ಅದರಲ್ಲೂ ಆ ಮೇಲಿನ ಸೊಟ್ಟ ಹಲ್ಲು, ಗಂಡ ಚೆಲುವಯ್ಯ ಬದುಕಿದ್ದಷ್ಟು ದಿನ ಅದನ್ನು ನೋಡಿ ನಗುತ್ತಿದ್ದ, ನೀನು ಸಿಟ್ಟಾದ್ರೆ ನಿನಗಿಂತ ಮುಂಚೆ ಆ ಅಲ್ಲು ಆಚೆ ಬತ್ತದೆ ಕಣೇ — ಅದು ಸೊಟ್ಟಗೆ ಬಂದದ್ದು ಸಗಣಿ ಉಂಡೆಯಿಂದ, ಇಲವಾಲದ ಮನೆ, ಆರು ವರ್ಷದ ಬೆಟ್ಟಿ, ಬಿದ್ದ ಹಾಲುಹಲ್ಲನ್ನು ಸಗಣಿ ಉಂಡೆಯಲ್ಲಿ ಹುದುಗಿಸಿ ಮಾಡಿನ ಮೇಲೆ ಎಸೆಯಬೇಕು, ಅವ್ವ ಮಂಗಳಮ್ಮ ಹಿಂದೆ ನಿಂತಿದ್ದಾಳೆ, ಅಳೇ ಅಲ್ಲು ತಕ್ಕೊ, ಒಸಾ ಅಲ್ಲು ಕೊಡು ಅಂತ ಯೋಳಿ ಎಸಿ ಮಗಾ, ಎಸೆದಳು, ಒಣಸಗಣಿ, ಹಿಡಿಯಲಿಲ್ಲ, ಉಂಡೆ ಹೆಂಚಿನಿಂದ ಹೆಂಚಿಗೆ ಉರುಳಿ ಕಾಲಬುಡಕ್ಕೇ ಬಂತು, ಕೆಳಕ್ಕೆ ಬಿದ್ದರೆ ಹಲ್ಲು ಸೊಟ್ಟ ಬರುತ್ತದೆ, ಅಳುವುದಕ್ಕೆ ಬಾಯಿ ತೆರೆದರೆ ಅವ್ವ ತಲೆಗೊಂದು ಮೊಟಕಿ ಹಸಿ ಸಗಣಿ ತಂದುಕೊಟ್ಟಳು, ಬಿದ್ರೆ ಬೀಳ್ಲಿ, ನಿನ್ ಕೈಯೇನು ಬಿದ್ದೋಯ್ತಾ, ಇನ್ನೊಂದ್ಸಲ ಎಸಿ. ಮೂರನೆಯ ಸಲಕ್ಕೆ ನಿಂತಿತು.

ಅವ್ವಾ, ಎಂದು ಬಲಗಡೆಯಿಂದ ಮಗ ಮಹದೇವು, ಬೆಳಗ್ಗೆಯಿಂದ ಅವನ ಕಣ್ಣು ಒಣಗಿಲ್ಲ, ಮೂರು ಮಕ್ಕಳ ತಂದೆ, ಅವನನ್ನು ಸಮಾಧಾನ ಮಾಡುವ ಕೆಲಸವೂ ಅವಳಿಗೇ, ಬ್ಯಾಡ ಅಂದ್ರೆ ಬುಡವ್ವ, ಎದ್ದು ಓಗ್ಬುಡಾನ, ನಮ್ ಮಾವ ನಾಟಿ ಔಸ್ದಿ ಕೊಡುಸ್ತೀನಿ ಅಂದವ್ನೆ, ಅಲ್ಲು ಕೀಳೋದ್ ಬ್ಯಾಡ್ವಂತೆ — ಒಂದು ಕ್ಷಣ ಕಾಲು ತಾನಾಗಿಯೇ ಬಾಗಿಲ ಕಡೆ ತಿರುಗಿತು, ಸುಳ್ಳೇಕೆ ಹೇಳಬೇಕು, ತಿರುಗಿತು, ಎದ್ದರೆ ಎಲೆ ಅಂಗಡಿ, ಜಟಕಾಗಳ ಸದ್ದು, ಎಲ್ಲ ಇದ್ದ ಹಾಗೇ ಇರುತ್ತದೆ, ಹುಣ್ಣೂ ಇದ್ದ ಹಾಗೇ ಇದ್ದು ಒಳಗೊಳಗೇ ಕೊರೆಯುತ್ತದೆ, ಇಂಥದೇ ಹುಣ್ಣಿಗೆ ನಾಟಿ ಔಷಧಿ ಕುಡಿದಿದ್ದ, ಎಲೆ ಮಂಡಿಯ ಪುಟ್ಟಸ್ವಾಮಿಯ ಹೆಣ ಹೊತ್ತುಕೊಂಡು ಹೋದದ್ದನ್ನು ಅವಳು ಅಂಗಡಿಯಲ್ಲಿ ಕೂತೇ ನೋಡಲಿಲ್ಲವೇ, ಇಲ್ಲ, ಬಾಯಿ ಬಿಟ್ಟು ಗದರಿದಳು, ಸುಮ್ನಿರ್ಲಾ, ಸಾಯಾಕೆ ಬಂದಿಲ್ಲ ನಾನು, ನೀನು ಸಗಣಿ ತತ್ತೀಯೋ ಇಲ್ವೋ ಅಷ್ಟ್ ಯೋಳು. ತತ್ತೀನಿ ಕಣವ್ವ. ಅಸೀದು ತರ್ಬೇಕು. ಅಸೀದೇ ತತ್ತೀನಿ.

ಎಡಗಡೆ ಗಿರಿಜಾಂಬಾ, ಲಕ್ಷ್ಮೀಪುರಂನ ಸ್ಕೂಲ್ ಮೇಡಂ, ಇಪ್ಪತ್ತು ವರ್ಷದಿಂದ ಎಲೆ ಕೊಳ್ಳುವವರು, ಬೆಟ್ಟಮ್ಮ ಜಗುಲಿಯ ಮೇಲಿಟ್ಟ ಎಲೆಯ ಕಟ್ಟನ್ನು ಮಡಿಗೆಂದು ನೀರು ಚಿಮುಕಿಸದೆ ಒಳಗೆ ಒಯ್ದವರಲ್ಲ, ಅದೇ ಕೈ ಈಗ ಅವಳ ಕೈಯನ್ನು ಹಿಡಿದು ಕೂತಿದೆ, ತುಟಿ ಜಪ ಮಾಡುತ್ತಿದೆ, ಬೆರಳು ಮಾತ್ರ ಸಡಿಲವಾಗುವುದಿಲ್ಲ — ನಿನ್ನೆ ಅವರ ಜಗುಲಿಯಲ್ಲಿ ಕೂತು ಹೇಳಿದ್ದಳಲ್ಲ, ನನ್ ಅಲ್ಲು ನಂಗೇ ಬೇಕು ಅಮ್ಮಾವ್ರೇ, ಮಾಡಿನ ಮೇಲೆ ಎಸೀಬೇಕು, ನಮ್ ಮನೇದು ತಗಡು, ಅದ್ರ ಮೇಲೆ ನಿಲ್ಲಾಕಿಲ್ಲ, ನಗುತ್ತಾರೆಂದುಕೊಂಡಿದ್ದಳು, ಗಿರಿಜಾಂಬಾ ನಗಲಿಲ್ಲ, ತಲೆಯೆತ್ತಿ ತಮ್ಮ ಮಾಡನ್ನೇ ನೋಡಿದರು, ದೇವರ ಮನೆಯ ಮೇಲಿನ ಮಾಡು, ನಮ್ಮದು ಹೆಂಚಲ್ವೇನೆ ಬೆಟ್ಟಮ್ಮ, ಇದರ ಮೇಲೇ ಎಸಿ. ನಿಮ್ ಮಡಿ? ಮಡಿ ಒಗೆದರೆ ಬರುತ್ತೆ ಕಣೆ, ನೀನು ಹೋದರೆ ಬರಲ್ಲ. ಆಗ ಅಳು ಬಂತು, ಕ್ಯಾನ್ಸರ್ ಅಂದಾಗ ಬಾರದ ಅಳು — ತಾಯಿ ಚಾಮುಂಡಿ, ಈ ಬೆಂಚಿನ ಮೇಲಿಂದ ನಿನಗೇ ಹೇಳುತ್ತೇನೆ ಕೇಳು, ಆ ಕೋಣನನ್ನು ಕೊಲ್ಲುವುದಕ್ಕೆ ನಿನಗೂ ಸಿಂಹ ಬೇಕಾಯಿತು, ಅಷ್ಟೊಂದು ಕೈ ಬೇಕಾಯಿತು, ನನಗಿರುವುದು ಎರಡು, ಒಂದನ್ನು ಇವರು ಹಿಡಿದಿದ್ದಾರೆ, ಇನ್ನೊಂದನ್ನು ಮಗ ಹಿಡಿದಿದ್ದಾನೆ, ಮಿಕ್ಕಿದ್ದು ನಿನ್ನ ಕೆಲಸ, ಆಷಾಢದ ಶುಕ್ರವಾರ ಸಾವಿರ ಮೆಟ್ಟಿಲು ಹತ್ತಿ ಬೊಚ್ಚುಬಾಯಲ್ಲೇ ಬಂದು ನಿಲ್ಲುತ್ತೇನೆ, ನಗಬೇಡ, ಬರದಿದ್ದರೆ ಯಾಕೆ ಬರಲಿಲ್ಲ ಅಂತ ನೀನೇ ಉತ್ತರ ಹೇಳಬೇಕು.

ಬೆಟ್ಟಮ್ಮ ಯಾರ್ರೀ, ನರ್ಸು ಕೂಗಿದಳು, ನಾನೇ, ಎದ್ದಳು, ಕುರ್ಚಿ ತಣ್ಣಗಿದೆ, ಡಾಕ್ಟರು ಚಿಕ್ಕ ವಯಸ್ಸಿನವರು, ಬಾಯಿ ತೆರೀರಿ ಅಮ್ಮ, ತೆರೆಯುವುದಿಲ್ಲ, ಮೊದಲು ಸೆರಗಿನ ಗಂಟು ಬಿಚ್ಚಿ ಸುಣ್ಣದ ಡಬ್ಬಿ ತೆಗೆದಳು, ಹುಣಿಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆ ಡಬ್ಬಿ, ಇನ್ನು ಮೇಲೆ ಅದರಲ್ಲಿ ಸುಣ್ಣ ತುಂಬುವುದಿಲ್ಲ, ಕಿತ್ತಿದ್ನೆಲ್ಲ ಇದ್ರೊಳಕ್ ಆಕಿ ಸ್ವಾಮಿ. ಹಾಗೆಲ್ಲ ಕೊಡೋ ಹಾಗಿಲ್ಲಮ್ಮ. ಅಂಗಾರೆ ಬಾಯೂ ತೆರೆಯಾಕಿಲ್ಲ — ಬಾಗಿಲಲ್ಲಿ ನಿಂತ ಗಿರಿಜಾಂಬಾ ಮೇಷ್ಟರ ದನಿಯಲ್ಲಿ, ಕೊಡಿ ಡಾಕ್ಟರೇ, ಅವಳ ಹಲ್ಲು ಅವಳದು, ಡಾಕ್ಟರು ಆಚೆ ಈಚೆ ನೋಡಿ ಡಬ್ಬಿ ಈಸಿಕೊಂಡರು, ಸೊಟ್ಟದ್ರಿಂದ್ಲೇ ಶುರು ಮಾಡಿ ಅಂದಳು, ಸೂಜಿ, ಒಸಡು ಉರಿಯಿತು, ಮರಗಟ್ಟಿತು, ತುಟಿ ಯಾರದೋ ಆಯಿತು, ಕಬ್ಬಿಣ ಹಲ್ಲನ್ನು ಹಿಡಿದು ಅಲ್ಲಾಡಿಸುತ್ತದೆ, ನೋವಿಲ್ಲ, ಬುಡದ ಮೂಳೆ ಮುರಿದಂತೆ ಕಿವಿಯೊಳಗೆ ಲಟಕ್, ಬರುವುದಿಲ್ಲ ಎನ್ನುತ್ತದೆ ಹಲ್ಲು, ಅವಳ ಹಲ್ಲಲ್ಲವೇ, ಸುಲಭಕ್ಕೆ ಬಂದೀತೇ — ಬಾ, ಮಾಡಿನ ಮೇಲಕ್ಕೆ ಹೋಗೋಣ ಬಾ — ಟಣ್, ಹಿತ್ತಾಳೆಯ ಸದ್ದು, ಅವಳ ಡಬ್ಬಿಯ ಸದ್ದು, ಬಾಯಿತುಂಬ ಬಿಸಿ ಉಪ್ಪು, ಮೇಲೆ ದೀಪ, ದೀಪದೊಳಗೆ ಲಕ್ಷ್ಮೀಪುರಂನ ಹೆಂಚು, ಉಂಡೆ ಉರುಳುತ್ತಿದೆ, ಹೆಂಚಿನಿಂದ ಹೆಂಚಿಗೆ, ಬಿದ್ರೆ ಬೀಳ್ಲಿ, ನಿನ್ ಕೈಯೇನು ಬಿದ್ದೋಯ್ತಾ, ಟಣ್, ಉರುಳುತ್ತಿದೆ, ಕಟ್ಟಕಡೆಯ ಹೆಂಚು, ಅದರ ಅಂಚು, ಅಂಚಿನಲ್ಲಿ ಹಸಿ ಸಗಣಿಯ ಉಂಡೆ —