ಕೌದಿಯಷ್ಟು ಅಗಲ

ಹಳ್ಳದ ದಂಡೆಗೆ ಸರ್ಕಾರದವರು ಗಿಡ ನೆಟ್ಟು, ಅಡ್ಡಾಡುವ ದಾರಿ ಮಾಡುತ್ತಾರಂತೆ, ಜನ ಬಂದು ಅಭಿಪ್ರಾಯ ಹೇಳಬೇಕಂತೆ. ಮಾನ್ವಿ ತುಂಬ ಇದನ್ನು ಮೈಕಿನಲ್ಲಿ ಕೂಗಿದ್ದು ನಾನೇ, ನನ್ನದೇ ಆಟೋದಲ್ಲಿ. ಕೂಗುತ್ತ ಹಲ್ಲು ಕಡಿಯುತ್ತಿದ್ದೆ. ನಕ್ಷೆಯಲ್ಲಿ ದಂಡೆಯುದ್ದಕ್ಕೂ ಕಬ್ಬಿಣದ ಕಟಕಟೆ. ನೀರಿಗಿಳಿಯಲು ಎಲ್ಲೂ ಸಂದಿಯಿಲ್ಲ. ಮಹಾನವಮಿಗೆ ಮೊದಲು ಮನೆಯ ಹೊದೆಯುವ ಕೌದಿಗಳನ್ನೆಲ್ಲ ನಮ್ಮವ್ವ ಎಲ್ಲಿ ಒಗೆಯಬೇಕು? ನಮ್ಮ ನಳದ ನೀರಿಗೆ ಒಂದು ದಿಂಬಿನ ಚೀಲವೂ ನೆನೆಯುವುದಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೂ ಭಾಷಣ ಬಾಯಿಪಾಠ ಮಾಡಿದ್ದೆ. ‘ಇದು ಯಾರಪ್ಪನ ಹಳ್ಳ?’ ಎಂದು ಅದರ ಶುರು.

ಸಭೆಯ ದಿನ ಹೋಗಿ ನೋಡಿದರೆ ಶಾಮಿಯಾನದಲ್ಲಿ ಒಬ್ಬರೂ ಇಲ್ಲ. ಓಣಿಯ ಹೆಂಗಸರೆಲ್ಲ ಕೆಳಗೆ ನೀರಿನಲ್ಲಿದ್ದರು. ಕೌದಿ ಒಗೆಯುವುದಕ್ಕೆ ಅವರು ಹಿಡಿದದ್ದೂ ಅದೇ ದಿನ! ಕಟಕಟೆ ಎಲ್ಲಿ ಬರುತ್ತದೆಂದು ಜನರಿಗೆ ಕಾಣಲಿ ಅಂತ ಆಫೀಸಿನವರು ಎದೆಮಟ್ಟದ ಗೂಟ ನೆಟ್ಟು ಹಗ್ಗ ಬಿಗಿದಿದ್ದರು. ಆ ಹಗ್ಗದ ಮೇಲೆ ಈ ತುದಿಯಿಂದ ಆ ತುದಿಗೆ ಕೆಂಪು, ಹಸಿರು, ಹಳದಿ ತೇಪೆಯ ಕೌದಿಗಳು ತೊಟ್ಟಿಕ್ಕುತ್ತಿದ್ದವು.

ರಾಯಚೂರಿನಿಂದ ಬಂದಿದ್ದ ಇಂಜಿನಿಯರ್ ವಿಜಯಶ್ರೀ ನಕ್ಷೆ ಹಿಡಿದು ತನ್ನ ಹಗ್ಗವನ್ನು ಹುಡುಕುತ್ತಿದ್ದಳು.

“ಹಗ್ಗ ಭಾಳ ಚಲೋ ಕಟ್ಟಿಸೀರಿ ಮೇಡಮ್ಮೋರೆ,” ಎಂದಳು ಪಕ್ಕದ ಮನೆಯ ಬಡೇಬೀ. “ಇನ್ನೊಂದು ಸಾಲು ಕಟ್ಟಿಸಿಬಿಡ್ರಿ.”

“ಅಯ್ಯೋ, ಅದು ಕಟಕಟಿ ಬರೋ ಗುರ್ತು ರೀ!”

“ಬರಲಿ ಬಿಡ್ರಿ, ಗಟ್ಟಿ ಇರ್ತದ. ಒಣ ಹಾಕಾಕ ಚಲೋ ಆತು. ಆದ್ರ ಒಗಿಯಾಕ ಹೆಂಗ ಇಳೀಬೇಕು, ಹಾರಿ?”

ನನ್ನ ಸಿಟ್ಟು ನೆತ್ತಿಗೇರಿತು. ನಾನು ತಡೆಯಲು ಬಂದ ಕಟಕಟೆಯನ್ನು ಇವರು ಬೇಕೆನ್ನುತ್ತಿದ್ದಾರೆ! ಶಾಮಿಯಾನದ ಮೈಕ್ ಎತ್ತಿಕೊಂಡು, “ಇದು ಯಾರಪ್ಪನ...” ಎನ್ನುವಷ್ಟರಲ್ಲಿ ಕೆಳಗಿಂದ ಅವ್ವ ಕೂಗಿದಳು.

“ಲೇ ದುರುಗ್ಯಾ, ನಿಮ್ಮಪ್ಪಂದ ಕೌದಿ ಅದ ಇದು! ಬಂದು ತುದಿ ಹಿಡಿ!”

ಇಳಿದೆ. ಏನಿದೆಂದು ನೋಡಲು ನಕ್ಷೆಯನ್ನು ಕಂಕುಳಲ್ಲಿಟ್ಟುಕೊಂಡು ವಿಜಯಶ್ರೀಯೂ ಹಿಂದೆಯೇ ಇಳಿದಳು. ಸೊಂಟ ಹಿಡಿದುಕೊಂಡ ಅವ್ವ ಇನ್ನೊಂದು ತುದಿಯನ್ನು ವಿಜಯಶ್ರೀ ಕೈಗೇ ಕೊಟ್ಟಳು. “ಬಾರವ್ವಾ, ಹಿಂಡು. ನಿನಗೂ ಪುಣ್ಯ ಬರ್ತದ.”

ಹಿಂಡಿದೆವು. ಇಬ್ಬರೂ ಒಂದೇ ದಿಕ್ಕಿಗೆ ತಿರುವುತ್ತಿದ್ದೆವು. ಕೌದಿ ಹೆಬ್ಬಾವಿನ ಹಾಗೆ ಹೊರಳಿತೇ ಹೊರತು ಹನಿ ನೀರೂ ಇಳಿಯಲಿಲ್ಲ.

“ಹಿಂಡಾಕತ್ತೀರೋ, ಅದಕ್ಕ ಜೋಗುಳ ಹಾಡಾಕತ್ತೀರೋ?” ಎಂದಳು ಬಡೇಬೀ.

ರೋಷದಿಂದ ಜಗ್ಗಿದೆ. ವಿಜಯಶ್ರೀಯೂ ಜಗ್ಗಿದಳು. ಅವಳ ಕಾಲು ಜಾರಿತು, ಕೌದಿಯ ಜೊತೆ ನಾನೂ ಹೋದೆ. ಇಬ್ಬರೂ ಮೊಣಕಾಲುದ್ದದ ನೀರಿನಲ್ಲಿ ದೊಪ್ಪನೆ ಕುಳಿತೆವು. ಹಳ್ಳವೆಲ್ಲ ನಗು. ಸಿಟ್ಟನ್ನು ಎಲ್ಲಿಟ್ಟೆನೆಂದು ತಡಕಾಡಿದೆ, ಸಿಗಲಿಲ್ಲ. ನನ್ನ ಬಾಯಿಂದಲೂ ನಗುವೇ ಬಂತು. ವಿಜಯಶ್ರೀಗಂತೂ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತ್ತು.

“ಇಳಿಯೋ ಮೆಟ್ಲಿಗೆ ಎಷ್ಟು ಅಗಲ ಬಿಡ್ಲಿ ಯವ್ವಾ?” ಎಂದು ನೀರಿನಲ್ಲಿ ಕುಳಿತೇ ಕೇಳಿದಳು.

“ಕೌದಿ ಹಿಡಕೊಂಡೀರಲ್ಲ, ಅಷ್ಟ,” ಎಂದಳು ಅವ್ವ.

“ಒಂದ ಕೌದಿನಾ?” ಬಡೇಬೀ ಬಿಡಲಿಲ್ಲ. “ನಾ ಏನು ಈಕಿದು ಮುಗಿಯೋತನ ಕಾಯ್ಲೇನು? ಎರಡು ಮಾಡ್ರಿ!”

ನಾವಿಬ್ಬರೂ ತೊಟ್ಟಿಕ್ಕುತ್ತ ದಂಡೆ ಹತ್ತಿ, ಕೌದಿಯನ್ನು ಎರಡು ಸಲ ಎಳೆದು ಹಿಡಿದು ಅಳೆದೆವು. ನಡುವಿನ ಗೂಟಗಳನ್ನು ವಿಜಯಶ್ರೀ ತಾನೇ ಕಿತ್ತು ಹಾಕಿದಳು. ಒದ್ದೆ ನಕ್ಷೆಯನ್ನು ಬಿಡಿಸಿ, ಅಲ್ಲಿ ಕಟಕಟೆಯ ಗೆರೆ ಹೊಡೆದುಹಾಕಿ ಮೆಟ್ಟಿಲು ಬರೆದಳು.

“ನೀವೇನೋ ಹೇಳಾಕ ಬಂದಿದ್ರಲ್ರೀ, ಹೇಳ್ರಿ,” ಎಂದು ಮೈಕನ್ನು ನನ್ನತ್ತ ಚಾಚಿದಳು.

ಬಾಯಿಪಾಠ ಮಾಡಿದ್ದು ದಂಡ ಆಗಬಾರದಲ್ಲ. ನಗು ತಡೆದುಕೊಂಡು ಕೂಗಿದೆ: “ಇದು ಯಾರಪ್ಪನ ಹಳ್ಳ?”

“ನಿಮ್ಮಪ್ಪಂದ!” ಎಂದರು ಹೆಂಗಸರೆಲ್ಲ ಒಟ್ಟಿಗೆ. “ಇಳಿದು ಬಾ, ಇನ್ನೂ ಭಾಳ ಕೌದಿ ಅವ!”