ಜಾಮೀನಿಗೆ ಬಂದ ತಾಯಿ

ವಕೀಲರ ಕಚೇರಿಗೆ ಕಿರಿಯ ವಕೀಲೆಯಾಗಿ ಸೇರಿದ ಹೊಸದರಲ್ಲಿ ಅವಳಿಗೆ ಊಟವೇ ಸೇರುತ್ತಿರಲಿಲ್ಲ. ಬ್ಯಾಂಕುಗಳ ಪರವಾಗಿ ಸಾಲಪತ್ರ ಬರೆಯುವ ಕಚೇರಿ ಅದು. ಒಂದು ಪದ ಆಚೀಚೆಯಾದರೆ ಯಾರದೋ ಬದುಕೇ ಆಚೀಚೆಯಾಗುತ್ತದೆ ಎಂದು ಮೊದಲ ದಿನವೇ ಹೆದರಿಸಿದ್ದರು. ಅಲ್ಲಿನ ಹಿರಿಯ ವಕೀಲೆಗೆ ಎಲ್ಲರೂ ಬೆನ್ನ ಹಿಂದೆ ಕಾಮಾ ಮೇಡಂ ಎನ್ನುತ್ತಿದ್ದರು. ಪುಟ ತಿರುವುವಷ್ಟರಲ್ಲಿ ತಪ್ಪಿಹೋದ ಅಲ್ಪವಿರಾಮವನ್ನು ಹೆಕ್ಕುವ ಕಣ್ಣು ಆಕೆಯದು. ದರ್ಜಿಯಾಗಿದ್ದ ಅವಳ ಅಪ್ಪ ಹೊಲಿದುಕೊಟ್ಟ ಕಪ್ಪು ಕೋಟು ಭುಜದಲ್ಲಿ ಸಡಿಲವಾಗಿತ್ತು. "ಇನ್ನೂ ಬೆಳೀತೀಯಲ್ಲ, ಸರಿಹೋಗುತ್ತೆ" ಎಂದು ಅಪ್ಪ ನಕ್ಕಿದ್ದರು. ಅವಳಿಗೋ, ಅದರೊಳಗೆ ತಾನು ದಿನೇ ದಿನೇ ಕುಗ್ಗುತ್ತಿದ್ದೇನೆ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಮೇಡಂ ಕೋರ್ಟಿಗೆ ಹೊರಡುವ ಅವಸರದಲ್ಲಿ ಫೈಲೊಂದನ್ನು ಅವಳ ಕೈಗಿತ್ತರು. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯವನೊಬ್ಬ ಹೊಸ ಯಂತ್ರಕ್ಕೆ ಸಾಲ ಪಡೆಯುತ್ತಿದ್ದ; ಅವನ ತಾಯಿ ತಮ್ಮ ಮನೆಯನ್ನು ಅಡವಿಟ್ಟು ಜಾಮೀನು ನಿಲ್ಲುತ್ತಿದ್ದರು. ಬ್ಯಾಂಕಿಗೆ ಹೋಗಿ ಸಹಿ ಹಾಕಿಸಿಕೊಂಡು ಬಂದರಾಯಿತು, ಹೆಚ್ಚು ಮಾತು ಬೇಡ ಎಂದು ಎರಡೆರಡು ಸಲ ಹೇಳಿ ಹೋದರು.

ಬ್ಯಾಂಕಿನ ಗಾಜಿನ ಕೋಣೆಯಲ್ಲಿ ಮ್ಯಾನೇಜರ್, ಮಗ, ತಾಯಿ ಕಾದಿದ್ದರು. ತಾಯಿ ಕನ್ನಡಕ ಒರೆಸಿಕೊಂಡು ಪೆನ್ನು ಹಿಡಿದರು. ಆಮೇಲೆ ಏನೋ ನೆನಪಾದವರಂತೆ ಅವಳತ್ತ ತಿರುಗಿದರು.

"ಇದಾದ್ಮೇಲೆ ಮನೆ ಪತ್ರ ಇವತ್ತೇ ವಾಪಸ್ ಕೊಡ್ತೀರಲ್ವಾ ಮಗಳೇ?"

ಆಮೇಲೆ ಹೇಳ್ತೀನಿ, ಮೊದಲು ಸಹಿ ಹಾಕಮ್ಮ ಎಂದು ಮಗ ಅವಸರಪಡಿಸಿದ. ಸಹಿಯ ಅರ್ಥವೇನೆಂದು ತಾಯಿಗೆ ಯಾರೂ ಹೇಳಿಲ್ಲವೆಂದು ಅವಳಿಗೆ ಹೊಳೆಯಿತು. ಸುಮ್ಮನಿದ್ದರೆ ಆ ತಾಯಿಯ ಕಣ್ಣಿಗೆ ಮಣ್ಣೆರಚಿದಂತೆ. ಬಾಯಿಬಿಟ್ಟರೆ ಕೆಲಸಕ್ಕೇ ಸಂಚಕಾರ. ಪೆನ್ನಿನ ತುದಿ ಕಾಗದಕ್ಕೆ ತಾಗುವುದರಲ್ಲಿತ್ತು.

"ಸ್ವಲ್ಪ ತಾಳಿ ಅಮ್ಮ. ಇವರು ಸಾಲ ಕಟ್ಟದಿದ್ರೆ ಬ್ಯಾಂಕಿನವರು ನಿಮ್ಮ ಮನೆ ಮಾರಬಹುದು. ಯಾರಾದ್ರೂ ಹೇಳಿದ್ದಾರಾ?"

ತಾಯಿ ಮಗನ ಮುಖ ನೋಡಿದರು. ಮಗ ಗೋಡೆ ನೋಡಿದ.

ತಾನು ಬ್ಯಾಂಕಿನ ವಕೀಲೆ, ತಾಯಿಗೆ ಅವರದೇ ವಕೀಲರು ಬೇಕು ಎಂದು ತಡವರಿಸುತ್ತಾ ಹೇಳಿ ಅವಳು ಕಾಗದಗಳನ್ನು ಎತ್ತಿಕೊಂಡಳು. ಮ್ಯಾನೇಜರ್ ಆಗಲೇ ಫೋನು ಒತ್ತುತ್ತಿದ್ದರು.

ಕಚೇರಿಗೆ ಮರಳಿದವಳು ಮುಖ ತೊಳೆದುಕೊಂಡಳು, ಮತ್ತೆ ತೊಳೆದುಕೊಂಡಳು. ಮೇಡಂ ಕರೆಸಿದಾಗ ಫೈಲು ಹಿಡಿದು ಒಳಗೆ ಹೋದಳು. ಆಕೆ ಬೈಯಲಿಲ್ಲ, ತಾಯಿ ಕೇಳಿದ ಪ್ರಶ್ನೆಯನ್ನು ಅಕ್ಷರ ಬಿಡದೆ ಹೇಳಿಸಿದರು.

"ಮೊದಲು ನನಗೆ ಫೋನ್ ಮಾಡ್ಬೇಕಿತ್ತು. ಅದು ನಿನ್ನ ತಪ್ಪು" ಎಂದರು. ಫೈಲನ್ನು ತಮ್ಮತ್ತ ಎಳೆದುಕೊಂಡು, "ಆದ್ರೆ ತಿಳೀದೆ ಹಾಕಿದ ಸಹಿ ನಾಳೆ ಕೋರ್ಟಲ್ಲಿ ನಿಲ್ಲಲ್ಲ. ಅದನ್ನ ನಾನೇ ವಿಚಾರಿಸ್ಬೇಕಿತ್ತು" ಎಂದರು.

ಕೆಲಸ ಉಳಿಯಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಮುಂದಿನ ವಾರ ಬ್ಯಾಂಕಿನ ಅದೇ ಗಾಜಿನ ಕೋಣೆಗೆ ತಾಯಿ ತಮ್ಮ ವಕೀಲರೊಂದಿಗೆ ಬಂದರು. ಈ ಸಲ ಮೇಡಂ ಕೂಡ ಇದ್ದರು. ತಾಯಿ ಒಲ್ಲೆನೆನ್ನುತ್ತಾರೆ ಎಂದೇ ಎಲ್ಲರೂ ಅಂದುಕೊಂಡಿದ್ದರು.

"ಇವನು ನನ್ನಿಂದ ಮುಚ್ಚಿಟ್ಟಿದ್ದು ಬೇಜಾರಾಗಿದೆ. ಆದ್ರೂ ಸಹಿ ಹಾಕ್ತೀನಿ. ಮನೆ ನಂದು ಅಂದ್ಮೇಲೆ ಕಾರ್ಖಾನೇಲಿ ನನಗೂ ಪಾಲು ಬೇಕು. ದಿನಾ ಬಂದು ಕೂತ್ಕೋತೀನಿ" ಎಂದರು.

ತಾಯಿಯ ವಕೀಲರು ಬರೆದು ತಂದಿದ್ದ ಪಾಲಿನ ಪತ್ರಕ್ಕೆ ಮಗ ತಲೆ ತಗ್ಗಿಸಿ ಸಹಿ ಹಾಕಿದ. ತಾಯಿ ಜಾಮೀನಿಗೆ ಹಾಕಿದರು. ಸಾಕ್ಷಿಯ ಜಾಗ ತೋರಿಸಿ ಮೇಡಂ ಪೆನ್ನನ್ನು ಅವಳತ್ತ ಸರಿಸಿದರು. ಅವಳು ಹೆಸರು ಬರೆದು ಸಹಿ ಹಾಕಿದಳು.

ಹೊರಗೆ ಮೆಟ್ಟಿಲ ಬಳಿ ತಾಯಿ ಅವಳನ್ನು ಕಾಯುತ್ತಿದ್ದರು. ಎಲ್ಲ ಸರಿಹೋಗುತ್ತದಲ್ಲವೇ ಎಂದು ಮೆಲ್ಲಗೆ ಕೇಳಿದರು.

"ಗೊತ್ತಿಲ್ಲ ಅಮ್ಮ" ಎಂದಳು.

ತಾಯಿ ಅವಳ ಕೈಯನ್ನೊಮ್ಮೆ ಒತ್ತಿ, ಮಗ ಕಾರು ನಿಲ್ಲಿಸಿಕೊಂಡಿದ್ದ ಕಡೆಗೆ ಮೆಟ್ಟಿಲಿಳಿದು ಹೋದರು.